ಸಾಲ ತೀರಿಸಿದರೆ ಓಸಿ ಬಿಡುತ್ತಾನೆಯೇ?

ಹಾವೇರಿ ಜಿಲ್ಲೆಯ ಅಪರಾಧ ಸುದ್ದಿ ಓದುವವರಿಗೆ ಒಂದು ಸಾಲು ಬಾಯಿಪಾಠವಾಗಿರುತ್ತದೆ: ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ನಂಬಿಸಿ, ಜನರಿಂದ ಹಣ ಪಡೆದು, ಓಸಿ ಎಂಬ ಅಂಕಿ ಜೂಜಿನ ಚೀಟಿ ಬರೆದುಕೊಡುತ್ತಿದ್ದವನ ಮೇಲೆ ಪ್ರಕರಣ. ಊರಿನ ಹೆಸರಷ್ಟೇ ಬದಲಾಗುತ್ತದೆ. ಒಮ್ಮೆ ಹಾನಗಲ್ಲ, ಒಮ್ಮೆ ಸವಣೂರು, ಇನ್ನೊಮ್ಮೆ ಶಿಗ್ಗಾವಿ ಅಥವಾ ಹಿರೇಕೆರೂರು. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3) ಬೀಳುತ್ತದೆ, ದಂಡ ಕಟ್ಟುತ್ತಾರೆ, ಅಲ್ಲಿಗೆ ಸುದ್ದಿ ಮುಗಿಯಿತು. ಚೀಟಿ ಬರೆಸಿದವನ ಮನೆಯಲ್ಲಿ ಏನಾಯಿತು ಎಂಬುದನ್ನು ಯಾರೂ ಬರೆಯುವುದಿಲ್ಲ. ಆ ಮನೆಯನ್ನು ಜೂಜು ಅರ್ಧ ಕೆಡಿಸಿದರೆ, ಜೂಜಿನ ಬಗ್ಗೆ ನಾವು ನಂಬಿಕೊಂಡು ಬಂದ ಮಾತುಗಳು ಉಳಿದರ್ಧ ಕೆಡಿಸುತ್ತವೆ.

“ಇಷ್ಟ ದಿನಾ ಬಂದಿಲ್ಲ, ಇನ್ನ ಬಂದ ಬರತೈತಿ”

ಪಾನ್ ಅಂಗಡಿಯ ಮರೆಯಲ್ಲಿ ಬರೆದುಕೊಡುವ ಚೀಟಿ ಬಸ್ ಟಿಕೆಟ್ಟಿಗಿಂತ ದೊಡ್ಡದಿರುವುದಿಲ್ಲ. ಅದರ ಮೇಲೆ ಎರಡಂಕಿಯ ಒಂದು ಸಂಖ್ಯೆ, ಪಕ್ಕದಲ್ಲಿ ಕಟ್ಟಿದ ಹಣ, ಅಷ್ಟೇ. 00ರಿಂದ 99ರವರೆಗೆ ಇರುವುದು ನೂರು ಅಂಕಿ. ಒಬ್ಬನು ಧೈರ್ಯ ಮಾಡಿ ನೂರಕ್ಕೆ ನೂರೂ ಅಂಕಿಗಳ ಮೇಲೆ ತಲಾ 10 ರೂಪಾಯಿ ಕಟ್ಟಿದ ಎನ್ನಿ. ಕಿಸೆಯಿಂದ 1,000 ಹೋಯಿತು. ಒಂದು ಅಂಕಿ ಬಂದೇ ಬರುತ್ತದೆ, ಕೈಗೆ 800 ಸಿಗುತ್ತದೆ. ಎಲ್ಲ ಅಂಕಿಯನ್ನೂ ಹಿಡಿದವನಿಗೇ 200 ರೂಪಾಯಿ ಲುಕ್ಸಾನು! ಇದು ನಸೀಬಿನ ಮಾತಲ್ಲ, ಲೆಕ್ಕದಲ್ಲೇ ಇಟ್ಟ ಕತ್ತರಿ.

ಒಂದೇ ಅಂಕಿಯನ್ನು ಬಿಡದೆ ಹಿಡಿದರೆ ನೂರು ದಿನದಲ್ಲಿ ಒಮ್ಮೆಯಾದರೂ ಬೀಳುತ್ತದೆ ಎನ್ನುವವರೂ ಇದ್ದಾರೆ. ಆಟ ಪೂರ್ತಿ ಪ್ರಾಮಾಣಿಕವಾಗಿಯೇ ನಡೆಯುತ್ತದೆ ಎಂದುಕೊಂಡರೂ, ಹಾಗೆ ನೂರು ದಿನ ಆಡಿದ ನೂರು ಜನರಲ್ಲಿ ಸುಮಾರು 37 ಮಂದಿಗೆ ಒಮ್ಮೆಯೂ ಬೀಳುವುದಿಲ್ಲ. ನಿನ್ನೆ ಯಾವುದು ಬಂತು ಎಂಬುದು ಇಂದಿನ ಅಂಕಿಗೆ ನೆನಪಿರುವುದಿಲ್ಲ. 1913ರಲ್ಲಿ ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ ಚಕ್ರದ ಗುಂಡು ಸತತ 26 ಸಲ ಕಪ್ಪು ಮನೆಗೇ ಬಿತ್ತು. ಈ ಸಲ ಕೆಂಪು ಬರಲೇಬೇಕು ಎಂದು ಹಣ ಸುರಿಯುತ್ತಾ ಹೋದವರು ದಿವಾಳಿಯಾದರು.

48 ಹಿಡಿದವನಿಗೆ 47 ಬಂದರೆ “ಒಂದರಾಗ ತಪ್ಪಿತು” ಎಂದು ಕೈ ಹಿಸುಕಿಕೊಳ್ಳುತ್ತಾನೆ. ತಪ್ಪಿದ್ದು ತಪ್ಪಿದ್ದೇ, 03 ಬಂದಿದ್ದರೂ ಅಷ್ಟೇ. ಆದರೆ ಕೂದಲೆಳೆಯಲ್ಲಿ ಸೋತಾಗ ಮಿದುಳಿನಲ್ಲಿ ಗೆದ್ದಾಗ ಕೆಲಸ ಮಾಡುವ ಭಾಗಗಳೇ ಎಚ್ಚರಗೊಳ್ಳುತ್ತವೆ ಎಂದು ಕೇಂಬ್ರಿಜ್ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಸೋತವನು ಮರುದಿನ ಹುರುಪಿನಿಂದ ಬರುವುದು ಅದಕ್ಕೇ.

ಅಂದಹಾಗೆ, ಈ ಆಟ ಹುಟ್ಟಿದ್ದು ಮುಂಬೈಯಲ್ಲಿ, ನ್ಯೂಯಾರ್ಕಿನಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಓಪನ್ ಮತ್ತು ಕ್ಲೋಸ್ ದರಗಳ ಮೇಲೆ ಬಾಜಿ ಕಟ್ಟುವುದರಿಂದ.

“ರಮ್ಮಿ ಶಾಣ್ಯಾರ ಆಟ, ಅದು ಜೂಜಲ್ಲ”

ಈ ಮಾತಿಗೆ ಕೋರ್ಟಿನ ಬಲವೂ ಇತ್ತು. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟಿದೆ. ಹಣ ಕಟ್ಟಿಸಿಕೊಂಡು ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿ ಸೋತವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ ಹಣ ಕಳೆದುಕೊಂಡ ಹುಡುಗ ಅದನ್ನು ಮನೆಯಲ್ಲಿ ಬಾಯಿಬಿಟ್ಟರೆ ಪೊಲೀಸರು ಬರುತ್ತಾರೆ ಎಂದು ಹೆದರಬೇಕಿಲ್ಲ. ಗೆದ್ದ ಹಣ ಬಿಡಿಸಿಕೊಳ್ಳಲು ಮೊದಲು ಟ್ಯಾಕ್ಸ್ ಕಟ್ಟಿ ಎಂದು ಯಾವುದಾದರೂ ಆ್ಯಪ್ ಕೇಳಿದರೆ ಅದು ಶುದ್ಧ ಮೋಸ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

“ಅಂವ ಕುಡಿಯಂಗಿಲ್ಲ, ಸೇದಂಗಿಲ್ಲ, ಒಂದೀಟು ಆಡ್ತಾನ, ಅಷ್ಟ”

ಬಾಯಿ ವಾಸನೆ ಬರದ ಚಟ ಇದು, ಹಾಗಾಗಿ ಮನೆಯವರಿಗೆ ತಿಳಿಯುವಷ್ಟರಲ್ಲಿ ಹೊಲದ ಉತಾರದ ಮೇಲೆ ಬೋಜಾ ಕೂತಿರುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟ ಕುಡಿತದ ಚಟದ ಸಾಲಿನಲ್ಲೇ ಇದೆ. ಮೊದಲು 20 ರೂಪಾಯಿಗೆ ಸಿಗುತ್ತಿದ್ದ ಕಿಕ್ಕಿಗೆ ಆಮೇಲೆ 500 ಬೇಕಾಗುತ್ತದೆ. ಬಿಡಲು ಹೋದರೆ ಸಿಡಿಮಿಡಿ, ನಿದ್ದೆಗೇಡು. ಹೋದದ್ದನ್ನು ಹೊಳ್ಳಿ ತರಲು ಮತ್ತೆ ಆಟ, ಅದನ್ನು ಮುಚ್ಚಿಡಲು ಸುಳ್ಳು.

ಇದನ್ನು ಗುಣಗೇಡಿತನ ಎಂದುಬಿಡುವುದು ಸುಲಭ. ಆದರೆ ನಮ್ಮ ಜಿಲ್ಲೆಯದೇ ಒಂದು ಕಥೆ ನೋಡಿ. ಹಾನಗಲ್ಲನ್ನು ಹಳೆಯ ಶಾಸನಗಳು ವಿರಾಟನಕೋಟೆ ಎಂದೂ ಕರೆದಿವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂಬುದು ಊರವರ ನಂಬಿಕೆ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲರನ್ನೂ ಪಗಡೆಯಲ್ಲಿ ಸೋತು ಬಂದ ಧರ್ಮರಾಜ ವಿರಾಟನ ಆಸ್ಥಾನದಲ್ಲಿ ಹಿಡಿದ ಕೆಲಸ ಯಾವುದು? ಕಂಕಭಟ್ಟನಾಗಿ ರಾಜನ ಜೊತೆ ಪಗಡೆ ಆಡುವುದು! ಸುಳ್ಳಾಡದವನೆಂದು ಹೆಸರಾದವನ ಕಥೆಯೇ ಹೀಗಿರುವಾಗ, ಗುಣವಂತರಿಗೆ ಈ ಚಟ ಅಂಟುವುದಿಲ್ಲ ಎಂಬ ಮಾತಿಗೆ ಬೆಲೆಯಿಲ್ಲ.

“ಒಮ್ಮೆ ಸಾಲ ತೀರಿಸಿಬಿಟ್ರ ಸುಮ್ಮನಾಗ್ತಾನ”

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಮೊನ್ನೆ ಮಾರಿದ ಗೋವಿನಜೋಳದ ಹಣ ದಲಾಲಿ ಅಂಗಡಿಯಿಂದ ಮನೆಗೆ ಬರಲೇ ಇಲ್ಲ ಎಂದು ಒಂದು ದಿನ ಗೊತ್ತಾಗುತ್ತದೆ. ಅಳು, ಆಣೆ, ದೇವರ ಮುಂದೆ ಕರ್ಪೂರ ಮುಟ್ಟುವುದು ನಡೆಯುತ್ತದೆ. ತವರಿನವರು ಹಾಕಿದ ಬೋರಮಾಳ ಅಡವು ಹೋಗುತ್ತದೆ, ಹೆಂಡತಿ ಸಂಘದಲ್ಲಿ ತನ್ನ ಹೆಸರಿಗೆ ಸಾಲ ಎತ್ತುತ್ತಾಳೆ, ಅಣ್ಣ ಸೊಸೈಟಿಯಲ್ಲಿ ಜಾಮೀನು ನಿಲ್ಲುತ್ತಾನೆ. ಸಾಲ ತೀರಿತು. ಅವನಿಗೆ ಮಾತ್ರ ಇದರಿಂದ ಆದ ಪಾಠ ಒಂದೇ: ಕೊನೆಗೆ ಯಾರಾದರೂ ಕಟ್ಟುತ್ತಾರೆ. ಮಹಾಭಾರತದಲ್ಲೂ ಹಾಗೇ ಆಯಿತಲ್ಲ. ಮೊದಲ ಜೂಜಿನಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ವಾಪಸು ಕೊಟ್ಟ. ಊರ ದಾರಿ ಹಿಡಿದಿದ್ದ ಧರ್ಮರಾಜ ಮತ್ತೊಮ್ಮೆ ಕರೆದೊಡನೆ ತಿರುಗಿ ಬಂದು ಕೂತ.

ಹಾಗೆಂದು ಕೈಬಿಡಿ ಎಂದಲ್ಲ. ಹಣ ಕೊಡುವ ಬದಲು ಹಣದ ದಾರಿ ಬದಲಿಸಿ. ಇರುವ ಸಾಲವನ್ನೆಲ್ಲ ಅವನ ಬಾಯಿಂದಲೇ ಒಂದು ಹಾಳೆಯಲ್ಲಿ ಬರೆಸಿ, ಮೀಟರ್ ಬಡ್ಡಿಯದ್ದೂ ಸೇರಿ. ಎಟಿಎಂ ಕಾರ್ಡು, ಫೋನ್‌ಪೇ ನಂಬರು ಒಪ್ಪಿಗೆಯ ಮೇಲೆ ಕೆಲಕಾಲ ಬೇರೆಯವರ ಕೈಯಲ್ಲಿರಲಿ. ಕಿರಾಣಿ, ಶಾಲೆ ಫೀ, ಕರೆಂಟ್ ಬಿಲ್ಲನ್ನು ಮನೆಯವರೇ ನೇರ ಕಟ್ಟಲಿ. ಹೊಸ ಕಾಗದಕ್ಕೆ ಸಹಿ ಹಾಕಬೇಡಿ. ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ. ಜೂಜಿನಲ್ಲಿ ಗೆದ್ದೆನೆಂದು ಹೇಳಿ ಯಾರೂ ಕೋರ್ಟಿನಲ್ಲಿ ವಸೂಲಿ ಮಾಡುವಂತಿಲ್ಲ. ಸಾಲಕ್ಕಾಗಿ ಮನೆ ಮುಂದೆ ಬಂದು ಬೈದು ಬೆದರಿಸುವುದನ್ನು ತಡೆಯಲು ರಾಜ್ಯದಲ್ಲಿ 2025ರಿಂದ ಪ್ರತ್ಯೇಕ ಕಾನೂನೇ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.

ಸಾಲ ಬಯಲಾದ ಮೊದಲ ಕೆಲವು ದಿನ ಬಹಳ ಜೋಪಾನ. ನಾಚಿಕೆ ಮನುಷ್ಯನನ್ನು ಜೀವ ಕಳೆದುಕೊಳ್ಳುವ ಯೋಚನೆಗೆ ನೂಕುವ ಹೊತ್ತು ಅದು. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳಿಗೆ ಬೀಗ ಹಾಕಿ, ಅವನನ್ನು ಒಂಟಿ ಬಿಡಬೇಡಿ. “ಸಾಯೋ ವಿಚಾರ ಬಂದೈತೇನು?” ಎಂದು ನೇರ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ.

“ಮನಸ್ಸಿನ ಡಾಕ್ಟರ ಹಂತೇಕ ಹೋಗೋರು ಹುಚ್ಚರು”

ಜೂಜು ಬಿಡಿಸಲೆಂದೇ ಬಂದ ಮಾತ್ರೆ ಇಲ್ಲ, ಆದರೆ ಚಿಕಿತ್ಸೆ ಇದೆ. ಅದರ ಮುಖ್ಯ ಭಾಗ ಮಾತು: ಯಾವ ಹೊತ್ತಿಗೆ, ಯಾರ ಜೊತೆಗಿದ್ದಾಗ, ಯಾವ ಯೋಚನೆ ಬಂದಾಗ ಕೈ ಆಟಕ್ಕೆ ಹೋಗುತ್ತದೆ ಎಂಬುದನ್ನು ಹುಡುಕಿ, ಅಲ್ಲಿ ಬೇರೆ ರೂಢಿ ಬೆಳೆಸುವುದು. ಜೊತೆಗೆ ಖಿನ್ನತೆ, ಕುಡಿತ ಇದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವೈದ್ಯರ ಕರ್ತವ್ಯ.

ಅವನು ಬರಲು ಒಪ್ಪದಿದ್ದರೆ ನೀವೇ ಮೊದಲು ಮಾತಾಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಡುವವನೇ ಫೋನ್ ಮಾಡಬೇಕೆಂದಿಲ್ಲ. ಹೆಂಡತಿ, ತಾಯಿ, ಅಣ್ಣ ಯಾರು ಮಾಡಿದರೂ ನಡೆಯುತ್ತದೆ.