ಶ್ರೀಗಂಧದ ಗಿಡವೂ ಪಟ್ಟೆತಲೆಯ ಹೆಬ್ಬಾತೂ

ಜಕ್ಕಲಿಯ ಎರೆಹೊಲಗಳಲ್ಲಿ ಹಿಂಗಾರಿ ಕಡಲೆಯು ಚಿಗುರಿ ನಿಲ್ಲುವ ಕಾಲಕ್ಕೆ, ಇದೇ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಹೊಲದಲ್ಲಿ ಶ್ರೀಗಂಧವನ್ನು ಹಚ್ಚಬೇಕೆಂಬ ಆಶೆಯೂ ಈಚೆಗೆ ಒಕ್ಕಲಿಗರಲ್ಲಿ ಬೆಳೆದಿದೆ. ಆ ಹಕ್ಕಿಗೂ ಈ ಗಿಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡೂ ಸರಕಾರದ ಕಾಯಿದೆಗೆ ಒಳಪಟ್ಟವು. ಎರಡನ್ನೂ ಉಳಿಸುವ ಭಾರದಲ್ಲಿ ಒಕ್ಕಲಿಗನ ಪಾಲು ದೊಡ್ಡದು.

ಶಾಸ್ತ್ರಜ್ಞರು ಇವೆರಡನ್ನೂ ಒಂದೇ ಪದ್ಧತಿಯಿಂದ ವರ್ಗೀಕರಿಸಿರುವರು. ಶ್ರೀಗಂಧಕ್ಕೆ 1753ರಲ್ಲಿ ಲಿನೇಯಸ್ ಪಂಡಿತನು ಸಾಂಟಾಲಮ್ ಆಲ್ಬಮ್ ಎಂದು ಹೆಸರಿಟ್ಟನು. 1790ರಲ್ಲಿ ಲೇಥಮ್ ಎಂಬವನು ವರ್ಣಿಸಿದ ಹೆಬ್ಬಾತಿಗೆ ಇಂದು ಆನ್ಸರ್ ಇಂಡಿಕಸ್ ಎಂಬ ಹೆಸರು ಸಲ್ಲುತ್ತದೆ. ಅದು ಬಾತುಗಳ ಕುಟುಂಬಕ್ಕೆ ಸೇರಿದುದಾದರೂ ದನದಂತೆ ಹುಲ್ಲು ಮೇಯತಕ್ಕದ್ದು. ಮಾವಿನ ಟೊಂಗೆಯನ್ನು ಹೀರುವ ಬಂದಳಿಕೆಯು ಶ್ರೀಗಂಧದ ಗಣದ್ದೇ. ಶ್ರೀಗಂಧವೂ ಅರೆ ಪರಾವಲಂಬಿ. ನೆರೆಯ ಗಿಡಗಳ ಬೇರಿಗೆ ಬೇರು ತಗುಲಿಸಿ ಆಹಾರವನ್ನು ಸೆಳೆಯುತ್ತದೆ. ಆದಕಾರಣ ಎಳೆಯ ಸಸಿಯ ಪಕ್ಕದಲ್ಲಿ ತೊಗರಿಯನ್ನು ಬಿತ್ತುವುದು ಯೋಗ್ಯವು. ನೀರು ನಿಲ್ಲುವ ಎರೆಯು ಅದಕ್ಕೆ ಒಗ್ಗದು. ನೀರು ಬಸಿದುಹೋಗುವ ಮಸಾರಿಯೇ ಉತ್ತಮ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಳಿವಿನ ಅಪಾಯವುಳ್ಳವುಗಳ ಪಟ್ಟಿಯಲ್ಲಿ ಸೇರಿಸಿದೆ. ಹೆಬ್ಬಾತನ್ನು ಕನಿಷ್ಠ ಕಳವಳದವುಗಳಲ್ಲಿ ಎಣಿಸಿದೆ. ಆದರೂ ಕಟ್ಟು ಬಿಗಿಯಾಗಿರುವುದು ಹಕ್ಕಿಯ ವಿಷಯದಲ್ಲಿಯೇ. 1972ರ ವನ್ಯಜೀವಿ ಕಾಯಿದೆಯಂತೆ ಅದರ ಬೇಟೆಯು ಅಪರಾಧವು. ಟೀಪುವಿನ ಕಾಲದಿಂದ ರಾಜವೃಕ್ಷವೆನಿಸಿದ್ದ ಶ್ರೀಗಂಧದ ಒಡೆತನವಾದರೋ 2001ರ ತಿದ್ದುಪಡಿಯಿಂದ ಭೂಮಾಲೀಕನಿಗೇ ಬಂದಿದೆ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಹಚ್ಚಿದ ಗಿಡಗಳನ್ನು ಪಹಣಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು. ಒಡೆತನವು ಮೊದಲೇ ದೊರೆತಿದ್ದರೆ ಎಷ್ಟೋ ಹೊಲಗಳಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಒಕ್ಕಲಿಗರು ಅಂಜಿ ಕೀಳುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಹೆಬ್ಬಾತಿಗೆ ಇಂಥ ಒಡೆಯನಿಲ್ಲ. ಮಂಗೋಲಿಯಾ, ಟಿಬೆಟ್ಟುಗಳಲ್ಲಿ ಮರಿಮಾಡಿ ಇಲ್ಲಿ ಚಳಿಗಾಲವನ್ನು ಕಳೆಯುವ ಹಕ್ಕಿಗೆ ದಾರಿಯುದ್ದಕ್ಕೂ ಕೆರೆಗಳು ಬೇಕು. ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ಸುತ್ತಣ ಹೊಲಗಳ ಎಳೆಪೈರನ್ನು ಮೇಯುವುದುಂಟು. ಅವನ್ನು ಸದ್ದು ಮಾಡಿ ಎಬ್ಬಿಸಬೇಕಲ್ಲದೆ ವಿಷವಿಡಲಾಗದು. 2005ರಲ್ಲಿ ಚೀನಾದ ಛಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಈ ಜಾತಿಯ ಹಕ್ಕಿಗಳು ಬಹಳವಾಗಿ ಸತ್ತವು. ಆದುದರಿಂದ ಅವು ಇಳಿಯುವ ಕೆರೆಗಳಿಗೆ ಕೋಳಿ, ಸಾಕುಬಾತುಗಳನ್ನು ಬಿಡಬಾರದು. ಸತ್ತ ಹಕ್ಕಿ ಕಂಡುಬಂದರೆ ಮುಟ್ಟದೆ ಸಮೀಪದ ಪಶುವೈದ್ಯರಿಗೆ ತಿಳಿಸತಕ್ಕದ್ದು.