ಬೆಚ್ಚನೆಯ ಮನೆಯಲ್ಲಿ ಬಿರುಬೇಸಗೆ

2022ನೆಯ ಇಸವಿ ಜುಲೈ 19ರಂದು ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತಕ್ಕೆ ಸೇರಿದ ಕಾನಿಂಗ್ಸ್‌ಬಿ ಎಂಬಲ್ಲಿ ಗಾಳಿಯ ಉಷ್ಣತೆ 40.3 ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ಬ್ರಿಟನ್ನಿನಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟಿದುದು ಅದೇ ಮೊದಲು. 2016ರ ಏಪ್ರಿಲಿನಲ್ಲಿ ಬೆಂಗಳೂರು ಕಂಡ 39.2 ಡಿಗ್ರಿಯ ದಾಖಲೆಯನ್ನೂ ಅದು ಮೀರಿಸಿತು. ರಾಯಚೂರು, ಕಲಬುರಗಿಗಳ ವಾಚಕರು ಇದನ್ನು ಓದಿ ನಕ್ಕಾರು. 40 ಡಿಗ್ರಿ ಎಂಬುದು ಅವರಿಗೆ ಪ್ರತಿ ಬೇಸಗೆಯ ಮಾತು. ಆದರೆ ಆ ವರ್ಷ ಬಿಸಿಲು ಉಗ್ರವಾಗಿದ್ದ ದಿನಗಳಲ್ಲಿ ಇಂಗ್ಲೆಂಡೊಂದರಲ್ಲಿಯೇ, ಸಾಧಾರಣವಾಗಿ ನಿರೀಕ್ಷಿಸುವುದಕ್ಕಿಂತ ಸುಮಾರು 3,000 ಮಂದಿ ಹೆಚ್ಚಾಗಿ ಮರಣ ಹೊಂದಿದರೆಂಬುದು ನಗುವ ಸಂಗತಿಯಲ್ಲ. ಅವರಲ್ಲಿ ಬಹುಪಾಲು 65 ದಾಟಿದವರು. ವೃದ್ಧರು ಬಿಸಿಲಿನಲ್ಲಿ ಅಲೆಯುವವರಲ್ಲ. ಅವರು ದಿನದ ಬಹುಭಾಗವನ್ನು ಕಳೆಯುವುದು ಸೂರಿನ ಕೆಳಗೆ. ಆದುದರಿಂದ ನಾವು ಮೊದಲು ವಿಚಾರಿಸಬೇಕಾದುದು ಅಲ್ಲಿಯ ಮನೆಗಳನ್ನು.

ಬ್ರಿಟನ್ನಿನ ಮನೆ ಕಟ್ಟಿದವರ ಕಣ್ಣಮುಂದೆ ಇದ್ದುದು ಚಳಿಗಾಲ. ದಪ್ಪನೆಯ ಇಟ್ಟಿಗೆಯ ಗೋಡೆ, ಅಟ್ಟದ ಮೇಲೆ ಹಾಸಿದ ಗಾಜಿನ ನಾರಿನ ಪದರ, ಜೋಡಿ ಗಾಜಿನ ಕಿಟಕಿ, ನೆಲದ ತುಂಬ ರತ್ನಗಂಬಳಿ—ಇವೆಲ್ಲವೂ ಒಳಗಿನ ಶಾಖವು ಹೊರಗೆ ಹೋಗದಂತೆ ಮಾಡಿದ ಏರ್ಪಾಡುಗಳು. ಇವನ್ನೇ ಅಪರಾಧಿಗಳೆಂದು ದೂರುವವರುಂಟು. ಅದು ಅಷ್ಟು ನ್ಯಾಯವಲ್ಲ. ಶಾಖವನ್ನು ಒಳಗೆ ಹಿಡಿದಿಡುವ ಪದರವು ಹೊರಗಿನ ಶಾಖವನ್ನು ತಡೆಯಲೂ ಬಲ್ಲುದು. ತೊಂದರೆಯು ಶುರುವಾಗುವುದು ಕಿಟಕಿಯಲ್ಲಿ.

ಸೂರ್ಯನ ಬೆಳಕು ಗಾಜಿನೊಳಗಿಂದ ಸುಲಭವಾಗಿ ಹಾದು ಬರುತ್ತದೆ. ಬಂದ ಬೆಳಕನ್ನು ನೆಲ, ಮಂಚ, ಮೇಜುಗಳು ಹೀರಿಕೊಂಡು ಬಿಸಿಯಾಗುತ್ತವೆ. ಬಿಸಿಯಾದ ವಸ್ತುಗಳು ಅವಕೆಂಪು ಕಿರಣಗಳನ್ನು ಹೊರಸೂಸುತ್ತವೆ. ಈ ಕಿರಣಗಳನ್ನು ಗಾಜು ಹೊರಗೆ ಬಿಡುವುದಿಲ್ಲ. ಬಿಸಿಯಾದ ಗಾಳಿಯೂ ಒಳಗೇ ಉಳಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನ ಬಾಗಿಲನ್ನು ತೆರೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಿನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆಗಳಷ್ಟು ದೀರ್ಘ. ನಡುಹಗಲಿನಲ್ಲಿಯೂ ಸೂರ್ಯನು 62 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಸಂಜೆಯಂತೂ ಅವನು ಬಹಳ ಹೊತ್ತು ಕೆಳಗೆ ನಿಂತು ಪಡುವಣ ಕಿಟಕಿಗಳೊಳಗೆ ನೇರವಾಗಿ ಇಣುಕುತ್ತಾನೆ. ಗೋಡೆಗಳು ತಣಿಯಲು ಉಳಿಯುವ ಇರುಳು ಏಳೂವರೆ ಗಂಟೆ ಮಾತ್ರ. 2022ರ ಜುಲೈ 18ರ ರಾತ್ರಿ ಕೆಲವೆಡೆ ಉಷ್ಣತೆಯು 25 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ.

ಹಾಗಾದರೆ ಮನೆಯವರು ಏನು ಮಾಡುತ್ತಾರೆ? ತಂಪು ದೇಶದ ಅಭ್ಯಾಸದಂತೆ, ಸೆಕೆಯಾದೊಡನೆ ಕಿಟಕಿಗಳನ್ನೆಲ್ಲ ತೆರೆದಿಡುತ್ತಾರೆ. ಹೊರಗಿನ ಗಾಳಿ 35 ಡಿಗ್ರಿಯಲ್ಲಿದ್ದು ಒಳಗೆ 27 ಇರುವಾಗ ಹೀಗೆ ಮಾಡುವುದು ಶಾಖವನ್ನು ಕರೆದು ಕುಳ್ಳಿರಿಸಿದಂತೆ. ಹೊರಗು ಒಳಗಿಗಿಂತ ಬಿಸಿಯಾಗಿರುವಷ್ಟು ಹೊತ್ತು ಕಿಟಕಿ ಮುಚ್ಚಿರಬೇಕು, ಪರದೆ ಎಳೆದಿರಬೇಕು; ಹೊತ್ತು ಮುಳುಗಿ ಗಾಳಿ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯಬೇಕು. ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟುಗಳ ಹಳೆಯ ಕಿಟಕಿಗಳು ಇದಕ್ಕೆ ಬಲು ಅನುಕೂಲ. ಮೇಲ್ಭಾಗವನ್ನೂ ಕೆಳಭಾಗವನ್ನೂ ಸ್ವಲ್ಪ ಸ್ವಲ್ಪ ತೆರೆದರೆ ಹಗುರವಾದ ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗಿ ತಂಪುಗಾಳಿ ಕೆಳಗಿನಿಂದ ಒಳಗೆ ಬರುತ್ತದೆ.

ಪರದೆಯ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಒಳಗಿನ ಪರದೆಯು ಬಿಸಿಲನ್ನು ತಡೆಯುವುದು ಅದು ಗಾಜನ್ನು ದಾಟಿ ಬಂದ ಮೇಲೆ. ಅಷ್ಟರಲ್ಲಿ ಶಾಖದ ಹೆಚ್ಚಿನ ಪಾಲು ಮನೆಯನ್ನು ಹೊಕ್ಕಾಗಿರುತ್ತದೆ. ಸ್ಪೇನ್, ಇಟಲಿಗಳಲ್ಲಿ ಕಿಟಕಿಯ ಹೊರಗೆ ಮರದ ಕದಗಳಿರುತ್ತವೆ. ನಮ್ಮಲ್ಲಿ ಜಗಲಿಯೂ ಸಜ್ಜಾವೂ ಅದೇ ಕೆಲಸವನ್ನು ಮಾಡುತ್ತವೆ. ಇಂಗ್ಲೆಂಡಿನ ಅನೇಕ ಕಿಟಕಿಗಳು ಹೊರಕ್ಕೆ ತೆರೆಯುವುದರಿಂದ ಅಂಥ ಕದಗಳನ್ನು ಕೂಡಿಸುವುದು ಕಷ್ಟ. ಹೀಗಾಗಿ ಜನರು ಬೆಳ್ಳಿಬಣ್ಣದ ಲೋಹದ ಹಾಳೆಯನ್ನು ಕಿಟಕಿಗೆ ಅಂಟಿಸುವುದುಂಟು. ಇದನ್ನು ಹಾಸ್ಯಮಾಡಬೇಕಾಗಿಲ್ಲ, ಅದೇ ಜುಲೈಯಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯ ಸರಪಣಿಗಳನ್ನು ಬಿಸಿಲಿನಿಂದ ಕಾಪಾಡಲು ಎಂಜಿನಿಯರುಗಳೂ ಅಂಥ ಹಾಳೆಯನ್ನೇ ಹೊದಿಸಿದರು.

ಹವಾನಿಯಂತ್ರಣ ಯಂತ್ರವಿರುವ ಮನೆಗಳು ಅಲ್ಲಿ ವಿರಳ. ಕೆಲವರು ಚಕ್ರಗಳ ಮೇಲೆ ಉರುಳಿಸಬಹುದಾದ ಯಂತ್ರವನ್ನು ತಂದು ಅದರ ಕೊಳವೆಯನ್ನು ಕಿಟಕಿಯಿಂದ ಹೊರಗಿಡುತ್ತಾರೆ. ಒಂದೇ ಕೊಳವೆಯ ಯಂತ್ರವು ಕೋಣೆಯ ಗಾಳಿಯನ್ನೇ ಹೊರದೂಡುತ್ತದೆ. ಆ ಜಾಗವನ್ನು ತುಂಬಲು ಸಂದುಗಳಿಂದ ಬಿಸಿಗಾಳಿ ಒಳನುಗ್ಗುತ್ತದೆ. ಉಳಿದವರಿಗೆ ಮೇಜಿನ ಫ್ಯಾನೇ ಗತಿ. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ. ಬೆವರು ಆರುವಂತೆ ಮಾಡಿ ನಮ್ಮನ್ನು ತಣಿಸುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯು 35 ಡಿಗ್ರಿಯನ್ನು, ಅಂದರೆ ಹೆಚ್ಚು ಕಡಮೆ ಚರ್ಮದ ಉಷ್ಣತೆಯನ್ನು, ಮೀರಿದರೆ ಫ್ಯಾನು ಬೀಸುವ ಗಾಳಿಯಿಂದ ಮೈಗೆ ಶಾಖವು ಬರತೊಡಗುತ್ತದೆ. ಮುಪ್ಪಿನಲ್ಲಿ ಬೆವರುವ ಶಕ್ತಿ ಕುಗ್ಗುವುದರಿಂದ ವೃದ್ಧರಿಗೆ ಆಗ ಫ್ಯಾನೊಂದನ್ನೇ ನೆಚ್ಚುವುದು ಅಪಾಯ. ಒದ್ದೆ ಬಟ್ಟೆಯಿಂದ ಮೈಯನ್ನು ಒರಸಬೇಕು. ಅವರಿಗೆ ಬಾಯಾರಿಕೆಯೂ ತಡವಾಗಿ ತಿಳಿಯುವುದರಿಂದ, ಕೇಳದಿದ್ದರೂ ನೀರು ಕೊಡಬೇಕು.

ಇರುಳಿನ ಉಪಾಯಗಳು ಸ್ವಾರಸ್ಯವಾಗಿವೆ. ಚಳಿಗಾಲದಲ್ಲಿ ಹಾಸಿಗೆಯನ್ನು ಬೆಚ್ಚಗಾಗಿಸುವ ರಬ್ಬರಿನ ಬಿಸಿನೀರಿನ ಚೀಲಕ್ಕೆ ತಣ್ಣೀರು ತುಂಬಿ, ಶೀತಕದಲ್ಲಿಟ್ಟು, ಕಾಲದೆಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ದಪ್ಪ ಹೊದಿಕೆಯೊಳಗಿನ ಗರಿಯ ಮೆತ್ತೆಯನ್ನು ತೆಗೆದು ಬರಿಯ ಗವಸನ್ನು ಹೊದೆಯುತ್ತಾರೆ. ಸೂರಿನಡಿಯ ಕೋಣೆಯನ್ನು ಬಿಟ್ಟು ನೆಲದಂತಸ್ತಿಗೆ ಇಳಿದು ಮಲಗುವುದು ಇವೆಲ್ಲಕ್ಕಿಂತ ಉತ್ತಮ. ಆದರೆ ಎತ್ತರದ ಕಟ್ಟಡದಲ್ಲಿ ಒಂದೇ ಕೋಣೆಯಲ್ಲಿ ಒಂಟಿಯಾಗಿರುವ ಮುದುಕಿ ಇಳಿದು ಹೋಗುವುದೆಲ್ಲಿಗೆ? ನೆರೆಯ ವೃದ್ಧರ ಬಾಗಿಲನ್ನು ತಟ್ಟಿ ನೋಡಿರೆಂದು ಅಲ್ಲಿಯ ಆರೋಗ್ಯ ಇಲಾಖೆಯು ಬೇಸಗೆಯಲ್ಲಿ ಹೇಳುವುದು ಇಂಥವರಿಗಾಗಿ.

ಹೊಸ ವಾಸದ ಮನೆಗಳು ಮಿತಿಮೀರಿ ಕಾಯದಂತೆ ಕಟ್ಟಬೇಕೆಂಬ ನಿಯಮವು ಇಂಗ್ಲೆಂಡಿನಲ್ಲಿ 2022ರ ಜೂನಿನಲ್ಲಿ ಜಾರಿಗೆ ಬಂದಿತು. ಹಳೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಕೆಲವು ಮನೆಗಳ ಕಿಟಕಿಗಳ ಮೇಲೆ, ಹೊರಗಡೆ, ಉದ್ದನೆಯ ಮರದ ಪೆಟ್ಟಿಗೆಗಳು ಇಂದಿಗೂ ಕಾಣುತ್ತವೆ. ಬೇಸಗೆಯಲ್ಲಿ ಕಿಟಕಿಯ ಮುಂದೆ ಇಳಿಬಿಡುವ ದಪ್ಪ ಬಟ್ಟೆಯ ಮರೆಯನ್ನು ಒಮ್ಮೆ ಅವುಗಳೊಳಗೆ ಸುತ್ತಿಡುತ್ತಿದ್ದರು. ಬಹುತೇಕ ಪೆಟ್ಟಿಗೆಗಳೊಳಗೆ ಈಗ ಬಟ್ಟೆಯಿಲ್ಲ.