ಕಲ್ಯಾಣದ ಶಾಸ್ತ್ರ, ಹುಳಿಮಾವಿನ ಕಾಗದ

ಹುಳಿಮಾವಿನಲ್ಲಿ ಭಕ್ತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಪ್ರಸಾದವಾದ ಮೇಲೆ ನೆರೆಮನೆಯ ತಾಯಿಯೊಬ್ಬರು ಕಾಗದದ ಕಟ್ಟೊಂದನ್ನು ನಮ್ಮ ಮುಂದಿಟ್ಟು, "ಶಾಸ್ತ್ರಿಗಳೇ, ಇದಕ್ಕೆ ರುಜು ಹಾಕು ಅಂತಾನೆ ನಮ್ಮಣ್ಣ. ಎಲ್ಲಾ ಇಂಗ್ಲಿಷಿನಲ್ಲಿದೆ. ಒಸಿ ನೋಡಿ ಹೇಳಿ" ಎಂದರು. ನೋಡಿದರೆ ಅದು ಹಕ್ಕುಬಿಡುಗಡೆ ಪತ್ರ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಪಿತ್ರಾರ್ಜಿತ ಹೊಲಕ್ಕೆ ಇಂದು ಬನ್ನೇರುಘಟ್ಟ ರಸ್ತೆಯ ಬೆಲೆ ಬಂದಿದೆ. "ನಿನ್ನ ಮದುವೆ ೧೯೮೮ರಲ್ಲೇ ಆಯಿತು, ನಿನಗೆ ಪಾಲಿಲ್ಲ, ಇದು ಬರೀ ಶಾಸ್ತ್ರಕ್ಕೆ" ಎಂದು ಅವರಿಗೆ ಹೇಳಲಾಗಿತ್ತಂತೆ. ಪಾಲೇ ಇಲ್ಲದವರಿಂದ ಹಕ್ಕು ಬಿಡಿಸಿಕೊಳ್ಳುವುದೇಕೆ ಎಂಬ ಪ್ರಶ್ನೆ ನಮಗೆ ಆ ಕ್ಷಣವೇ ಹೊಳೆಯಿತು.

ಆ ತಾಯಿಯ ಹೊಲವನ್ನು ಆಳುತ್ತಿದ್ದ ಕಾನೂನಾದರೂ ಎಲ್ಲಿಯದು? ಅದು ನಮ್ಮ ಕಲ್ಯಾಣದ್ದೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ಬಂಗಾಳದಂತಹ ಕೆಲವು ಪ್ರಾಂತಗಳನ್ನು ಬಿಟ್ಟರೆ ಭಾರತದ ಬಹುಭಾಗದ ಅವಿಭಕ್ತ ಕುಟುಂಬಗಳಿಗೆ ದಾಯವಿಭಾಗದ ಆಧಾರವಾಯಿತು. ಅದಾಗಿ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ತಮ್ಮ ಅನುಭಾವವನ್ನು ಜನರಾಡುವ ಕನ್ನಡದಲ್ಲಿ ನುಡಿದರು. ಧರ್ಮವು ಕನ್ನಡಕ್ಕಿಳಿಯಿತು, ಆದರೆ ವ್ಯವಹಾರಶಾಸ್ತ್ರ ಸಂಸ್ಕೃತದಲ್ಲಿಯೇ ಉಳಿಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಕಲ್ಯಾಣದ ಗ್ರಂಥವು ಇಂಗ್ಲಿಷ್ ನ್ಯಾಯಾಧೀಶರ ಬಾಯಿಂದ ಕನ್ನಡಿಗರಿಗೆ ಮರಳಿ ಬಂದಿತು. ಇದಕ್ಕಿಂತ ದೊಡ್ಡ ಸುತ್ತುದಾರಿಯನ್ನು ನಾವು ಕಂಡಿಲ್ಲ.

ಆ ಸುತ್ತುದಾರಿಯಲ್ಲಿ ಕಳೆದುಹೋದುದೂ ಉಂಟು. ಸ್ತ್ರೀಧನವೆಂದರೆ ತವರಿನ ಒಡವೆ, ಉಡುಗೊರೆಗಳಷ್ಟೇ ಅಲ್ಲವೆಂದೂ, ದಾಯದಿಂದ, ಕ್ರಯದಿಂದ, ವಿಭಾಗದಿಂದ ಸ್ತ್ರೀಗೆ ದೊರೆತುದೆಲ್ಲವೂ ಅದರಲ್ಲಿ ಸೇರುವುದೆಂದೂ ವಿಜ್ಞಾನೇಶ್ವರನು ವಿಶಾಲವಾಗಿ ಅರ್ಥೈಸಿದ್ದನು. ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ವ್ಯಾಪ್ತಿಯನ್ನು ಒಪ್ಪಲಿಲ್ಲ. ವಿಧವೆಯು ಗಂಡನಿಂದ ಪಡೆದ ಆಸ್ತಿಗೆ ಆಕೆಯ ಜೀವಿತಾವಧಿಯ ಮಿತವಾದ ಒಡೆತನವೇ ಗತಿಯಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೧೪ನೆಯ ಪ್ರಕರಣವು ಸ್ತ್ರೀಗೆ ಪೂರ್ಣ ಒಡೆತನ ಕೊಟ್ಟಾಗ, ಅದರ ವಿವರಣೆಯಲ್ಲಿನ ಪಟ್ಟಿಯನ್ನು ಓದಿದವರಿಗೆ ವಿಜ್ಞಾನೇಶ್ವರನ ಪಟ್ಟಿಯೇ ನೆನಪಾಗುವುದು. ಹಾಗೆಂದು ಆತನನ್ನು ಹೊತ್ತು ಮೆರೆಸಬೇಕಿಲ್ಲ. ಹುಟ್ಟಿನಿಂದಲೇ ಬರುವ ಹಕ್ಕನ್ನು ಆತನ ಪದ್ಧತಿಯು ಗಂಡುಮಕ್ಕಳಿಗೆ ಮೀಸಲಿಟ್ಟಿತ್ತು.

ನಮ್ಮ ಸಮಾಜದ ಆಚಾರಗಳೂ ಹೀಗೆಯೇ ಪರಭಾಷೆಯಲ್ಲಿ ನಿಷ್ಕರ್ಷೆಯಾದವು. ಲಿಂಗಾಯತ ಒಳಪಂಗಡಗಳ ನಡುವಣ ವಿವಾಹವು ಸಿಂಧುವೇ ಎಂಬ ಪ್ರಶ್ನೆಯನ್ನು ಮುಂಬಯಿ ಹೈಕೋರ್ಟು ೧೮೯೬ರಲ್ಲಿ ಫಕೀರಗೌಡ–ಗಂಗಿ ಮೊಕದ್ದಮೆಯಲ್ಲಿ ವಿಚಾರಿಸಿ, ಅಂತಹ ವಿವಾಹವನ್ನು ನಿಷೇಧಿಸುವ ರೂಢಿ ಇದೆಯೆಂದು ಸಾಧಿಸುವ ಹೊಣೆ ಆಕ್ಷೇಪಿಸುವವರದೆಂದಿತು. ಇಂದಿಗೂ ಉಪಪಂಗಡದ ನೆಪದಲ್ಲಿ ಸಂಬಂಧ ಮುರಿಯುವ ಹಿರಿಯರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು?

ಕನ್ನಡಕ್ಕೆ ಈ ಶಕ್ತಿಯಿಲ್ಲವೆನ್ನುವಂತಿಲ್ಲ. ಹುಳಿಮಾವಿಗೆ ಸಮೀಪದ ಬೇಗೂರಿನ ಗಂಗರ ಕಾಲದ ಶಾಸನವು, ಯುದ್ಧದಲ್ಲಿ ಮಡಿದ ನಾಗತ್ತರನ ತರುವಾಯ ಎರೆಯಪ್ಪನು 'ಬೆಂಪೂರು ಹನ್ನೆರಡ'ನ್ನು ಕಲ್ನಾಡಾಗಿ ಕೊಟ್ಟುದನ್ನು ಊರೂರಿನ ಹೆಸರು ಹಿಡಿದು ಕನ್ನಡದಲ್ಲಿಯೇ ನಮೂದಿಸಿದೆ. ಇಂದು ಪಹಣಿ, ಖಾತೆಗಳು ಕನ್ನಡದಲ್ಲಿವೆ, ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಮೇಲಕ್ಕೆ ಹೋದಂತೆ ಸಂವಿಧಾನದ ೩೪೮ನೆಯ ಅನುಚ್ಛೇದವು ಇಂಗ್ಲಿಷನ್ನು ನಿಲ್ಲಿಸಿದೆ. ೨೦೧೯ರಿಂದ ಸರ್ವೋಚ್ಚ ನ್ಯಾಯಾಲಯವು ಕೆಲವು ತೀರ್ಪುಗಳ ಕನ್ನಡ ಅನುವಾದವನ್ನು ಕೊಡುತ್ತಿರುವುದು ಸ್ತುತ್ಯ. ಆದರೆ ಅನುವಾದವೇ ವ್ಯಾಖ್ಯಾನವಲ್ಲ. 'ಸಹದಾಯಾದಿ' ಎಂದು ಬರೆದ ಮಾತ್ರಕ್ಕೆ ಹುಳಿಮಾವಿನ ತಾಯಿಗೆ ತಿಳಿಯುವುದೆಂತು? ತೀರ್ಪು ಮನೆಯೊಳಗೆ ಏನು ಮಾಡೀತೆಂಬುದನ್ನು ಬಿಡಿಸಿ ಬರೆಯುವ ಕನ್ನಡದ ನ್ಯಾಯಶಾಸ್ತ್ರಜ್ಞರು ವಿರಳ.

ಬಿಡಿಸಿ ಹೇಳುವುದಾದರೆ ಸಂಗತಿ ಇಷ್ಟು. ರಾಜ್ಯದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತಾದರೂ, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಅಣ್ಣನ ಮಾತು ಅಲ್ಲಿಗೇ ನಿಂತಿತ್ತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ತೊಡೆಯಿತು. ಆ ದಿನ ತಂದೆ ಬದುಕಿರಬೇಕಾದುದಿಲ್ಲವೆಂದು ೨೦೨೦ರ ಆಗಸ್ಟ್ ೧೧ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ವಿಭಾಗ, ಪರಭಾರೆಗಳನ್ನು ಮಾತ್ರ ಅದು ಕದಲಿಸದು. ಈ ಮನೆಯಲ್ಲಿ ಅಂತಹ ವಿಭಾಗವಾಗಿರಲಿಲ್ಲ.

ಆ ತಾಯಿ ರುಜು ಹಾಕಲಿಲ್ಲ. ನಮಗೆ ಪರಿಚಿತರಾದ ವಕೀಲರೊಬ್ಬರು ಇಷ್ಟನ್ನೂ ಎರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಅದನ್ನು ಆಕೆ ಮೊದಲು ಓದಿಸಿದ್ದು ಅಣ್ಣನಿಂದಲೇ. ತಾನು ತಂದ ಇಂಗ್ಲಿಷ್ ಪತ್ರದ ಒಕ್ಕಣೆ ಆತನಿಗೂ ಪೂರ್ತಿ ತಿಳಿದಿರಲಿಲ್ಲವಂತೆ. ಎರಡು ತಿಂಗಳು ಮಾತು ಬಿಟ್ಟಿದ್ದ ಅಣ್ಣತಂಗಿಯರು ಈಗ ಪಾಲುಪಟ್ಟಿಯ ಕರಡನ್ನು ಕನ್ನಡದಲ್ಲಿ ಬರೆಯಿಸುತ್ತಿದ್ದಾರೆ.